ಗಾಳದ ಕೋಲಿಗೆ ರೀಲನ್ನು ಕೆಡದಂತೆ ಬಿಗಿಯುವ ಕ್ರಮ

ಕೆರೆಯ ಮೀನು ಗ್ರಾಮದ ಸ್ವತ್ತುಗಳಲ್ಲೊಂದು. ಕೆರೆಯ ನೀರಿನಿಂದ ಗದ್ದೆ ತೋಟಗಳು ಹೇಗೆ ಫಲಿಸುವುವೋ ಹಾಗೆಯೇ ಆ ನೀರಿನಲ್ಲಿ ಬೆಳೆಯುವ ಮೀನಿನಿಂದ ಜನರಿಗೆ ಪುಷ್ಟಿಕರವಾದ ಆಹಾರವೂ ಊರಿಗೆ ಅಷ್ಟಿಷ್ಟು ವರಮಾನವೂ ಉಂಟಾಗುವುವು. ಬೆಂಗಳೂರಿನ ಉತ್ತರಕ್ಕಿರುವ ಹೆಬ್ಬಾಳ, ಜಕ್ಕೂರು, ಯಲಹಂಕ, ಹೆಸರಘಟ್ಟ ಪ್ರಾಂತವು ಹಿಂದಿನಿಂದಲೂ ಕೆರೆಗಳಿಗೆ ಹೆಸರಾದುದು. ಈಗ ಇವುಗಳಲ್ಲಿ ಹಲವು ಕೆರೆಗಳನ್ನು ನಗರವು ಸುತ್ತುವರಿದಿದೆ. ಆದರೂ ಹೊರವಲಯದ ಹಳ್ಳಿಗಳಲ್ಲಿ ಕೆರೆಗಳು ಉಳಿದಿವೆ. ಇದಲ್ಲದೆ, 2014ರಲ್ಲಿ ಕೃಷಿಭಾಗ್ಯ ಯೋಜನೆಯು ಆರಂಭವಾದಂದಿನಿಂದ ರಾಜ್ಯದ ಒಣಭೂಮಿ ಪ್ರದೇಶಗಳಲ್ಲಿ ಕೃಷಿಹೊಂಡಗಳು ಹೆಚ್ಚಿವೆ. ಅನೇಕ ಜಮೀನುದಾರರು ಇಂತಹ ಹೊಂಡಗಳಲ್ಲಿ ಕಾಟ್ಲಾ, ರೋಹು, ಗೆಂಡೆ ಮೊದಲಾದ ಮೀನುಗಳ ಮರಿಗಳನ್ನು ಬಿಟ್ಟು ಬೆಳೆಸುತ್ತಾರೆ.

ಹೊಂಡದಲ್ಲಿನ ಮೀನುಗಳು ಎಷ್ಟು ಬೆಳೆದಿವೆಯೆಂದು ಪರೀಕ್ಷಿಸುವುದಕ್ಕಾಗಲಿ, ಮನೆಯ ಮಟ್ಟಿಗೆ ಒಂದೆರಡು ಮೀನುಗಳನ್ನು ಹಿಡಿಯುವುದಕ್ಕಾಗಲಿ ಪ್ರತಿಸಲವೂ ಬಲೆ ಬೀಸಬೇಕಾಗಿಲ್ಲ. ಒಂದು ಗಾಳದ ಕೋಲು ಸಾಕು. ಈಚೆಗೆ ಪೇಟೆಯಲ್ಲಿ ರೀಲುಗಳು ಸುಲಭವಾಗಿ ದೊರೆಯುವುದರಿಂದ, ಮನೆಯಲ್ಲಿರುವ ಬಿದಿರಿನ ಕೋಲಿಗೇ ರೀಲನ್ನು ಕಟ್ಟಿ ಉಪಯೋಗಿಸುವ ರೂಢಿಯು ಹಳ್ಳಿಗಳಲ್ಲಿಯೂ ಕಾಣಬರುತ್ತಿದೆ. ಇದು ಒಳ್ಳೆಯದೇ. ಆದರೆ ರೀಲನ್ನು ಬಿಗಿಯುವ ರೀತಿಯು ತಿಳಿಯದೆ ಕೆಲವರು ಕಬ್ಬಿಣದ ತಂತಿಯಿಂದ ಬಿಗಿಯುವರು. ಕೆಲವರು ಕೋಲಿಗೆ ತೂತು ಕೊರೆದು ತಿರುಪುಮೊಳೆ ಹಾಕುವರು. ಮತ್ತೆ ಕೆಲವರು ಪಂಪಿನ ಕೊಳವೆಗೆ ಹಾಕುವ ಕ್ಲಿಪ್ಪನ್ನೇ ತೊಡಿಸಿ ತಿರುಚುವರು. ಮೊದಲ ದಿನ ಇವೆಲ್ಲವೂ ಭದ್ರವಾಗಿಯೇ ತೋರುವುವು. ದೊಡ್ಡ ಮೀನು ಸಿಕ್ಕಿದ ದಿನ ಕೋಲು ರೀಲಿನ ಬಳಿಯಲ್ಲಿಯೇ ಸೀಳುವುದು, ಇಲ್ಲವೆ ರೀಲು ಕಳಚಿ ನೀರಿಗೆ ಬೀಳುವುದು. ಕೋಲು, ರೀಲು, ಮೀನು ಮೂರೂ ನಷ್ಟವಾಗುವುವು. ಇಷ್ಟೇ ಅಲ್ಲದೆ, ಬಾಯಲ್ಲಿ ಗಾಳವನ್ನೂ ಹಿಂದೆ ಉದ್ದನೆಯ ದಾರವನ್ನೂ ಎಳೆದುಕೊಂಡು ಹೋದ ಮೀನು ಗಿಡಗಂಟೆಗಳಿಗೆ ಸಿಕ್ಕಿ ವ್ಯರ್ಥವಾಗಿ ಸಾಯುವುದು. ಆದುದರಿಂದ ಈ ಸಣ್ಣ ಕೆಲಸದ ಸರಿಯಾದ ಕ್ರಮವನ್ನು ತಿಳಿದಿರುವುದು ಅವಶ್ಯ.

ರೀಲಿನ ಪೂರ್ವಚರಿತ್ರೆ

ರೀಲು ಹೊಸ ಸಾಧನವೇನೂ ಅಲ್ಲ. ಚೀನಾದೇಶದಲ್ಲಿ ಸುಮಾರು 1195ರಲ್ಲಿ ಮಾ ಯುವಾನ್ ಎಂಬ ಚಿತ್ರಕಾರನು ಬರೆದ ಚಿತ್ರವೊಂದರಲ್ಲಿ, ದೋಣಿಯಲ್ಲಿ ಕುಳಿತ ಬೆಸ್ತನ ಕೋಲಿಗೆ ರೀಲು ಕಟ್ಟಿರುವುದು ಕಾಣುತ್ತದೆ. ಇಂಗ್ಲೆಂಡಿನಲ್ಲಿ 1651ರಲ್ಲಿ ಥಾಮಸ್ ಬಾರ್ಕರನು ಬರೆದ ಗ್ರಂಥದಲ್ಲಿ ಇದರ ಪ್ರಸ್ತಾಪವಿದೆ. ದಾರದ ಸುರುಳಿಯು ತಾನು ತಿರುಗದೆ, ದಾರವು ಅದರ ತುದಿಯಿಂದ ಬಿಚ್ಚಿಕೊಂಡು ಹೋಗುವ ರೀತಿಯ ರೀಲಿಗೆ ಇಲ್ಲಿಂಗ್‌ವರ್ತ್ ಎಂಬಾತನು 1905ರಲ್ಲಿ ಹಕ್ಕುಪತ್ರ ಪಡೆದನು. ಈಗ ಪೇಟೆಯಲ್ಲಿ ಹೆಚ್ಚಾಗಿ ಮಾರಾಟವಾಗುವ, ಕೋಲಿನ ಕೆಳಗೆ ತೂಗುವ ರೀಲುಗಳು ಈ ಜಾತಿಯವೇ.

ಕನ್ನಡ ನಾಡಿಗೂ ಈ ವಿದ್ಯೆಗೂ ಹಳೆಯ ಸಂಬಂಧವಿದೆ. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್. ಎಸ್. ಥಾಮಸ್ ಎಂಬವರು ಹಿಂದೂದೇಶದ ಗಾಳದ ಬೇಟೆಯನ್ನು ಕುರಿತು ಬರೆದ ಪ್ರಸಿದ್ಧ ಇಂಗ್ಲಿಷ್ ಗ್ರಂಥವು 1873ರಲ್ಲಿ ಮೊದಲು ಅಚ್ಚಾದುದು ಮಂಗಳೂರಿನಲ್ಲಿ. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿ ನದಿಯಲ್ಲಿ ಗಾಳದಿಂದ 120 ಪೌಂಡು ತೂಕದ ಮಹಸೀರ್ ಮೀನನ್ನು ಹಿಡಿದರು. ಅಷ್ಟು ಭಾರದ ಮೀನು ಕೆರೆಯಲ್ಲಾಗಲಿ ಹೊಂಡದಲ್ಲಾಗಲಿ ಸಿಕ್ಕದು. ಆದರೆ ಒಳ್ಳೆಯ ಆಹಾರ ದೊರೆತ ಕಾಟ್ಲಾ ಒಂದೇ ವರ್ಷದಲ್ಲಿ 1 ಕಿಲೋಗ್ರಾಮಿಗೆ ಮೀರಿ ಬೆಳೆಯಬಲ್ಲದು. ಅಂತಹ ಮೀನು ಒಮ್ಮೆ ಬಾಲ ಬಡಿದು ಓಡಿದರೆ ಕಟ್ಟಿನ ಗುಣವು ಬಯಲಾಗುವುದು.

ಕೋಲು ಮುರಿಯುವುದಕ್ಕೆ ಕಾರಣ

ಬಿದಿರಿನ ಬಲವೆಲ್ಲವೂ ಅದರ ಹೊರಮೈಯಲ್ಲಿದೆ. ಗಟ್ಟಿಯಾದ ನಾರುಗಳು ಹೊರಮೈಯ ಹತ್ತಿರ ಒತ್ತಾಗಿಯೂ ಒಳಕ್ಕೆ ಹೋದಂತೆ ವಿರಳವಾಗಿಯೂ ಇರುವುವು. ಗಿಣ್ಣುಗಳ ನಡುವೆ ಈ ನಾರುಗಳು ಉದ್ದಕ್ಕೇ ಓಡುವುವಲ್ಲದೆ ಒಂದನ್ನೊಂದು ಅಡ್ಡಲಾಗಿ ಹೆಣೆದು ಹಿಡಿಯುವುದಿಲ್ಲ. ಈ ಕಾರಣದಿಂದಲೇ ಮೇದರು ಬಿದಿರನ್ನು ಒಂದು ಕತ್ತಿಯಿಂದ ಅಷ್ಟು ಸಲೀಸಾಗಿ ಸೀಳಬಲ್ಲರು. ಬುಟ್ಟಿ ಹೆಣೆಯುವವನಿಗೆ ಅನುಕೂಲವಾದ ಈ ಗುಣವೇ ಗಾಳ ಹಾಕುವವನಿಗೆ ಅಪಾಯಕರವಾದುದು. ಹೊರಮೈಗೆ ಬಿದ್ದ ಒಂದು ಗೀರಿನಿಂದ ನಾರು ಕಡಿಯುವುದು. ಒಂದು ತೂತಿನಿಂದ ಸೀಳು ಹೊರಡುವುದು. ಟೊಳ್ಳಾದ ಕೋಲನ್ನು ಕಬ್ಬಿಣದ ಕ್ಲಿಪ್ಪಿನಿಂದ ಅಮುಕಿದರೆ ಗೋಡೆಯು ಒಳಕ್ಕೆ ಕುಗ್ಗಿ ಬಿರಿಯುವುದು.

ಇದರ ಜೊತೆಗೆ ಮತ್ತೊಂದು ವಿಚಾರವನ್ನು ಗಮನಿಸಬೇಕು. ಕೋಲಿನ ತುದಿಯಲ್ಲಿ 1 ಕಿಲೋಗ್ರಾಂ ಎಳೆತವಿದ್ದು, ಹಿಡಿದ ಕೈಯು ತುದಿಯಿಂದ 7 ಅಡಿ ದೂರದಲ್ಲಿದ್ದರೆ, ಕೈಯ ಬಳಿಯಲ್ಲಿ ಕೋಲನ್ನು ಬಗ್ಗಿಸುವ ಶಕ್ತಿಯು, 1 ಅಡಿ ದೂರದಲ್ಲಿ 7 ಕಿಲೋಗ್ರಾಂ ತೂಕವನ್ನು ತೂಗುಹಾಕಿದಷ್ಟಾಗುವುದು. ಕೋಲು ಕಣ್ಣಿಗೆ ತುದಿಯಲ್ಲಿಯೇ ಬಗ್ಗಿದಂತೆ ಕಂಡರೂ ಅತ್ಯಧಿಕವಾದ ಭಾರ ಬೀಳುವುದು ಕೈಯ ಬಳಿಯಲ್ಲಿ. ರೀಲು ಇರುವುದೂ ಅಲ್ಲಿಯೇ. ಹೀಗೆ, ಹೆಚ್ಚು ಭಾರ ಹೊರಬೇಕಾದ ಜಾಗದಲ್ಲಿಯೇ ತಂತಿಯಿಂದ ಗೀರು ಮಾಡುವುದೆಂದರೆ ಮುರಿಯುವ ಸ್ಥಳವನ್ನು ಮುಂಚಿತವಾಗಿಯೇ ಗುರುತುಮಾಡಿ ಇಟ್ಟಂತೆ.

ರೈತನಿಗೆ ತಿಳಿದಿರುವ ನಿಯಮ

ರೀಲನ್ನು ಬಿಗಿಯುವ ನಿಯಮವು ರೈತನಿಗೆ ಹೊಸದಲ್ಲ. ರಾಗಿ ಬಿತ್ತುವ ಕೂರಿಗೆಯನ್ನು ನೋಡಬಹುದು. ಅದರ ಬಟ್ಟಲಿನಿಂದ ಕೆಳಗಿಳಿಯುವ ಬಿದಿರಿನ ಕೊಳವೆಗಳಿಗೆ ಯಾರೂ ಮೊಳೆ ಹೊಡೆಯುವುದಿಲ್ಲ. ಹುರಿಯಿಂದ ಬಿಗಿದು ಕಟ್ಟುವರು. ಎತ್ತುಗಳು ಎಳೆದು, ಹೆಂಟೆಗಳು ತಾಗಿದರೂ ಕೊಳವೆಯು ಸೀಳದಿರುವುದಕ್ಕೆ ಈ ಕಟ್ಟೇ ಕಾರಣ. ಮಾವಿನ ಕಸಿಯನ್ನು ಕಟ್ಟುವಾಗಲೂ ಇದೇ ಜಾಣತನವಿದೆ. ಅಗಲವಾದ ಮೆತ್ತನೆಯ ಪಟ್ಟಿಯಿಂದ ಒತ್ತಾಗಿ ಸುತ್ತಿದರೆ ಕಸಿ ಕೂಡಿಕೊಳ್ಳುವುದು. ಸಣ್ಣ ತಂತಿಯಿಂದ ಬಿಗಿದರೆ ಸಿಪ್ಪೆ ಕತ್ತರಿಸಿಹೋಗುವುದು. ಎರಡು ಕಡೆಯೂ ತತ್ತ್ವ ಒಂದೇ: ಬಿಗಿಯು ಒಂದೇ ಗೆರೆಯಲ್ಲಿ ನಿಲ್ಲದೆ ಅಗಲವಾಗಿ ಹರಡಬೇಕು. ಹಿಡಿತವು ಸುತ್ತುಗಳ ಸಂಖ್ಯೆಯಿಂದ ಬರಬೇಕೇ ಹೊರತು ಒಂದೇ ಸುತ್ತಿನ ಬಲದಿಂದಲ್ಲ.

ಕೋಲಿನ ಆಯ್ಕೆ

ಬುಡದಲ್ಲಿ ಟೊಳ್ಳು ಕಡಿಮೆಯಿರುವ ಗಂಡುಬಿದಿರು ಈ ಕೆಲಸಕ್ಕೆ ಉತ್ತಮವಾದುದು. ಹಸಿಯ ಕೋಲಿಗೆ ರೀಲನ್ನು ಎಂದಿಗೂ ಬಿಗಿಯಕೂಡದು. ಹಸಿಬಿದಿರು ಒಣಗಿದಂತೆಲ್ಲ ಸಣ್ಣದಾಗುವುದರಿಂದ ಇಂದು ಬಿಗಿಯಾಗಿರುವ ಕಟ್ಟು ಒಂದೆರಡು ತಿಂಗಳಲ್ಲಿ ಸಡಿಲವಾಗುವುದು. ಮಳೆಗಾಲ ಕಳೆದ ಮೇಲೆ ಬಲಿತ ಬಿದಿರನ್ನು ಕಡಿದು, ಕೆಲವು ವಾರ ನೀರಿನಲ್ಲಿ ನೆನೆಯಿಟ್ಟು, ಬಳಿಕ ನೆರಳಿನಲ್ಲಿ ನೆಟ್ಟಗೆ ನಿಲ್ಲಿಸಿ ಚೆನ್ನಾಗಿ ಒಣಗಿಸಬೇಕು. ನೆನೆಯಿಟ್ಟ ಬಿದಿರಿಗೆ ಕುಟ್ಟೆಹುಳುವಿನ ಬಾಧೆ ಕಡಿಮೆ. 2017ರ ಕಾನೂನು ತಿದ್ದುಪಡಿಯಿಂದ ಅರಣ್ಯದ ಹೊರಗೆ ಬೆಳೆದ ಬಿದಿರು ಅರಣ್ಯ ಕಾಯಿದೆಯ ‘ಮರ’ ಎಂಬ ಪದದ ಅರ್ಥದಿಂದ ಹೊರಗಾಗಿದೆ. ಆದುದರಿಂದ ಜಮೀನಿನ ಅಂಚಿನಲ್ಲಿ ಒಂದು ಮೆಳೆಯನ್ನು ಬೆಳೆಸಿಕೊಂಡರೆ ಈ ಕೆಲಸಕ್ಕೂ ಇತರ ಕೆಲಸಗಳಿಗೂ ಒದಗುವುದು.

ಬಿಗಿಯುವ ಕ್ರಮ

ರೀಲಿನ ಯಂತ್ರದಿಂದ ಹೊರಡುವ ಕಡ್ಡಿಯನ್ನು ಕಾಲೆಂದೂ, ಅದರ ತುದಿಯಲ್ಲಿ ಕೋಲಿಗೆ ಒರಗುವ ಉದ್ದನೆಯ ತಗಡನ್ನು ಪಾದವೆಂದೂ ಇಲ್ಲಿ ಹೇಳಿದೆ. ಪಾದದ ಎರಡು ಕೊನೆಗಳೂ ತೆಳ್ಳಗೆ ಇಳಿಜಾರಾಗಿರುವುವು.

ಮೊದಲನೆಯದಾಗಿ, ಸ್ಥಳವನ್ನು ಗೊತ್ತುಮಾಡಬೇಕು. ರೀಲನ್ನು ಬಟ್ಟೆಯ ಪಟ್ಟಿಯಿಂದ ತಾತ್ಕಾಲಿಕವಾಗಿ ಕಟ್ಟಿ ಕೋಲನ್ನು ಹಿಡಿದು ನೋಡಬೇಕು. ರೀಲಿನ ಕಾಲು ಬೆರಳುಗಳ ನಡುವೆ ಬಂದಾಗ ಕೋಲಿನ ಬುಡವು ಮೊಣಕೈಯವರೆಗೆ ಮುಟ್ಟುವಂತಿದ್ದರೆ ಕೈಗೆ ಆಯಾಸವಿಲ್ಲ. ಪಾದದ ಕೆಳಗೆ ಗಿಣ್ಣು ಬರಕೂಡದು. ಗಿಣ್ಣಿನ ಮೇಲೆ ಪಾದವು ತೂಗಾಡುವುದು. ಗಿಣ್ಣನ್ನು ಕೆತ್ತಿ ಸಮಮಾಡಹೊರಟರೆ ನಾರು ಕಡಿಯುವುದು. ಒಂದೆರಡು ಅಂಗುಲ ಹಿಂದಕ್ಕೋ ಮುಂದಕ್ಕೋ ಸರಿಸಿ ಸಮನಾದ ಜಾಗವನ್ನು ಹುಡುಕುವುದು ಮೇಲು.

ಎರಡನೆಯದಾಗಿ, ಪಾದವನ್ನು ಸಿದ್ಧಪಡಿಸಬೇಕು. ಅಗ್ಗದ ರೀಲುಗಳಲ್ಲಿ ಪಾದದ ಅಂಚುಗಳು ಹರಿತವಾಗಿರುವುವು. ಸಣ್ಣ ಅರದಿಂದ ಉಜ್ಜಿ, ಬಳಿಕ ಉಪ್ಪುಕಾಗದದಿಂದ ತೀಡಿ, ಬೆರಳಿಗೆ ನುಣುಪಾಗಿ ತೋರುವಂತೆ ಮಾಡಬೇಕು. ಪಾದವು ಕೋಲಿಗೆ ಹೊಂದದಿದ್ದರೆ ಪಾದವನ್ನು ಸವೆಸತಕ್ಕದ್ದೇ ಹೊರತು ಕೋಲನ್ನು ಕೆತ್ತತಕ್ಕದ್ದಲ್ಲ.

ಮೂರನೆಯದಾಗಿ, ಮೆತ್ತೆಯನ್ನು ಇಡಬೇಕು. ಪಾದವು ಚಪ್ಪಟೆಯಾಗಿಯೂ ಕೋಲು ಗುಂಡಗೂ ಇರುವುದರಿಂದ ಅವೆರಡೂ ಒಂದೇ ಗೆರೆಯಲ್ಲಿ ತಾಗುವುವು. ಎರಡು ಪಕ್ಕಗಳಲ್ಲಿಯೂ ಸಂದು ಉಳಿಯುವುದು. ತೆಳುವಾದ ಬೆಂಡು, ಮೆತ್ತನೆಯ ಚರ್ಮ, ಇಲ್ಲವೆ ಹಳೆಯ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಪಟ್ಟಿಯನ್ನು ಪಾದಕ್ಕಿಂತ ಎರಡು ಕಡೆಯೂ ಅರ್ಧ ಅಂಗುಲ ಹೆಚ್ಚಿರುವಂತೆ ಇಟ್ಟರೆ ಆ ಸಂದು ತುಂಬುವುದು. ರಬ್ಬರಿನ ಪಟ್ಟಿ ಜಾರುವುದನ್ನೂ ತಡೆಯುವುದು. ಆದರೆ ಅದು ಬಿಸಿಲಿಗೆ ಕರಗಿ ಅಂಟಾಗುವುದರಿಂದ ವರ್ಷಕ್ಕೊಮ್ಮೆ ಬದಲಾಯಿಸಬೇಕು.

ನಾಲ್ಕನೆಯದಾಗಿ, ದಾರ. ತೆಂಗಿನ ನಾರಿನ ಹುರಿ ಒರಟಾದುದರಿಂದ ಹೊರಮೈಯನ್ನು ಉಜ್ಜುವುದು. ಗಾಳಕ್ಕೆ ಹಾಕುವ ನೈಲಾನ್ ಎಳೆಯು ಹಿಗ್ಗುವುದಲ್ಲದೆ ತಂತಿಯಂತೆ ಕೊರೆಯುವುದು. ಗಟ್ಟಿಯಾಗಿ ಹೊಸೆದ ಹತ್ತಿಯ ದಾರಕ್ಕೆ ಜೇನುಮೇಣವನ್ನು ಸವರಿ ಉಪಯೋಗಿಸುವುದು ಎಲ್ಲಕ್ಕಿಂತ ಉತ್ತಮ. ಮೇಣವಿಲ್ಲದ ಹತ್ತಿಯ ದಾರವು ನೆನೆದಾಗ ಬಿಗಿದು ಒಣಗಿದಾಗ ಸಡಿಲುವುದು. ಮೇಣವು ಈ ಏರಿಳಿತವನ್ನು ಕಡಿಮೆಮಾಡುವುದು.

ಐದನೆಯದಾಗಿ, ಸುತ್ತುವ ರೀತಿ. ಪಾದದ ಕೊನೆಯಿಂದ ಸುಮಾರು ಅರ್ಧ ಅಂಗುಲ ಆಚೆಗೆ, ಕೋಲಿನ ಮೇಲೆಯೇ ಆರಂಭಿಸಬೇಕು. ದಾರದ ತುದಿಯನ್ನು ಕೋಲಿನ ಉದ್ದಕ್ಕೆ ಮಲಗಿಸಿ, ಅದರ ಮೇಲೆಯೇ ಏಳೆಂಟು ಸುತ್ತು ಸುತ್ತಿದರೆ ಗಂಟಿಲ್ಲದೆ ತುದಿಯು ನಿಲ್ಲುವುದು. ಬಳಿಕ ಒಂದು ಸುತ್ತಿಗೆ ಇನ್ನೊಂದು ಸುತ್ತು ತಾಗಿಕೊಂಡಿರುವಂತೆ, ಒಂದರ ಮೇಲೊಂದು ಏರದಂತೆ, ಪಾದದ ಇಳಿಜಾರನ್ನು ಹತ್ತಿ ಕಾಲಿನ ಕಡೆಗೆ ಬರಬೇಕು. ದಾರದ ಉಂಡೆಯನ್ನು ಇನ್ನೊಬ್ಬರು ಒಂದೇ ಸಮನಾಗಿ ಎಳೆದು ಹಿಡಿದಿರಲು, ಕೋಲನ್ನೇ ತಿರುಗಿಸುತ್ತ ಸುತ್ತಿದರೆ ಬಿಗಿಯು ಎಲ್ಲೆಡೆಯೂ ಸಮವಾಗಿರುವುದು. ಆರೇಳು ಸುತ್ತು ಉಳಿದಿರುವಾಗ, ಬೇರೊಂದು ದಾರದ ತುಂಡನ್ನು ಮಡಿಸಿ, ಅದರ ಕುಣಿಕೆಯು ರೀಲಿನ ಕಾಲಿನ ಕಡೆಗೂ ಎರಡು ತುದಿಗಳು ಸುತ್ತಿ ಮುಗಿದ ಭಾಗದ ಕಡೆಗೂ ಇರುವಂತೆ ಮಲಗಿಸಬೇಕು. ಉಳಿದ ಸುತ್ತುಗಳನ್ನು ಅದರ ಮೇಲೆ ಸುತ್ತಿ, ದಾರವನ್ನು ಕತ್ತರಿಸಿ, ಅದರ ಕೊನೆಯನ್ನು ಕುಣಿಕೆಯೊಳಗೆ ತೂರಿಸಿ, ಕುಣಿಕೆಯ ತುದಿಗಳನ್ನು ಹಿಂದಕ್ಕೆ ಎಳೆದರೆ ದಾರದ ಕೊನೆಯು ಸುತ್ತುಗಳ ಕೆಳಗೆ ಹೂತುಹೋಗುವುದು. ಗಂಟಿಲ್ಲದ ಈ ಕಟ್ಟು ಕೈಯನ್ನು ಉಜ್ಜುವುದಿಲ್ಲ. ಪಾದದ ಮತ್ತೊಂದು ಕೊನೆಯನ್ನೂ ಹೀಗೆಯೇ ಮುಗಿಸಬೇಕು. ಮೇಲೆ ತೆಳುವಾಗಿ ವಾರ್ನಿಷನ್ನು ಬಳಿದು ಒಂದು ದಿನ ಒಣಗಿಸಿದರೆ ನೀರು ಒಳಹೋಗದು.

ಪರೀಕ್ಷೆ

ಕಟ್ಟಿದ ರೀಲನ್ನು ಕೈಯಿಂದ ಎಡಕ್ಕೂ ಬಲಕ್ಕೂ ತಿರುಚಿದಾಗ ಅದು ಅಲುಗಕೂಡದು. ಕಿರುಗುಟ್ಟುವ ಸದ್ದೂ ಬರಕೂಡದು. ಬಳಿಕ ದಾರವನ್ನು ಕೋಲಿನ ಬಳೆಗಳ ಮೂಲಕ ಹಾಯಿಸಿ, ಅರ್ಧ ಲೀಟರು ನೀರಿರುವ ಒಂದು ಚೊಂಬಿಗೆ ಕಟ್ಟಿ ಮೆಲ್ಲನೆ ಎತ್ತಬೇಕು. ಪಾದದ ಎರಡು ಕೊನೆಗಳಲ್ಲಿ ಸುತ್ತುಗಳು ಸರಿಯದಿದ್ದರೆ ಕಟ್ಟು ಸರಿಯಾಗಿದೆ. ಸರಿದರೆ ಮೇಲೆ ಮತ್ತಷ್ಟು ಬಿಗಿಯುವುದು ಪರಿಹಾರವಲ್ಲ. ಬಿಚ್ಚಿ, ಮೆತ್ತೆಯನ್ನು ಸರಿಪಡಿಸಿ, ಹೊಸದಾಗಿ ಸುತ್ತಬೇಕು.

ರೀಲಿನಲ್ಲಿರುವ ತಡೆಯನ್ನೂ ಮರೆಯಲಾಗದು. ಮೀನು ಎಳೆದಾಗ ದಾರವು ಬಿಗಿಯಾಗಿ ಬಿಚ್ಚಿಕೊಳ್ಳುವಂತೆ ಮಾಡುವುದೇ ಈ ತಡೆಯ ಕೆಲಸ. ದಾರವು ತಡೆಯಬಲ್ಲ ತೂಕದ ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟು ಎಳೆತಕ್ಕೆ ದಾರ ಬಿಡುವಂತೆ ಅದನ್ನು ಹೊಂದಿಸುವುದು ವಾಡಿಕೆ. ತಡೆಯನ್ನು ಪೂರ್ತಿಯಾಗಿ ಬಿಗಿದಿಟ್ಟರೆ ಮೀನಿನ ಬಲವೆಲ್ಲವೂ ಕಟ್ಟಿನ ಮೇಲೂ ಕೋಲಿನ ಮೇಲೂ ಬೀಳುವುದು.

ಪೇಟೆಯಿಂದ ತಂದ ಕೋಲುಗಳು

ಗಾಜಿನ ನಾರಿನಿಂದಲೂ ಇದ್ದಲಿನ ನಾರಿನಿಂದಲೂ ಮಾಡಿದ ಕೋಲುಗಳಲ್ಲಿ ರೀಲಿಗೆ ಪೀಠವಿರುವುದು. ಪಾದವನ್ನು ಕೂರಿಸಿ ತಿರುಗುವ ಬಳೆಯಿಂದ ಬಿಗಿದರಾಯಿತು. ಈ ಬಳೆಯನ್ನು ಬೆರಳಿನಿಂದ ಮಾತ್ರ ಬಿಗಿಯಬೇಕು. ಇಕ್ಕಳವನ್ನು ಉಪಯೋಗಿಸಿದರೆ ಪೀಠವು ಬಿರಿಯುವುದು ಅಥವಾ ತಿರುಪಿನ ಎಳೆಗಳು ಅಳಿಯುವುವು. ಪಾದವು ಪೀಠದಲ್ಲಿ ಸಡಿಲವಾಗಿದ್ದರೆ ಪಾದಕ್ಕೆ ತೆಳುವಾದ ಬಟ್ಟೆಯನ್ನು ಸುತ್ತಿ ಕೂರಿಸಬಹುದು. ಬಿಗಿಯುವ ಮೊದಲು ತಿರುಪಿನಲ್ಲಿರುವ ಮರಳನ್ನು ಒರಸುವುದು ಅವಶ್ಯ. ಇಂತಹ ಕೋಲುಗಳು ಟೊಳ್ಳು. ಉದ್ದಕ್ಕೆ ಎಷ್ಟು ಬಲವೋ ಅಡ್ಡಲಾಗಿ ಅಮುಕಿದರೆ ಅಷ್ಟೇ ದುರ್ಬಲ. ಆದುದರಿಂದ ಕಬ್ಬಿಣದ ಕ್ಲಿಪ್ಪು ಇವಕ್ಕೆ ಸರ್ವಥಾ ಸಲ್ಲದು.

ಬಿಚ್ಚುವುದು ಮತ್ತು ಕಾಪಾಡುವುದು

ಅನೇಕ ಕೋಲುಗಳು ಕೆಡುವುದು ಕಟ್ಟುವಾಗಲ್ಲ, ಬಿಚ್ಚುವಾಗ. ದಾರವನ್ನು ಕೋಲಿನ ಕಡೆಯಿಂದ ಚಾಕುವಿನಲ್ಲಿ ಕೊಯ್ದರೆ ಹೊರಮೈಯಲ್ಲಿ ಗೀರು ಉಳಿಯುವುದು. ಯಾವಾಗಲೂ ಲೋಹದ ಪಾದದ ಮೇಲ್ಭಾಗದಲ್ಲಿಯೇ ಕೊಯ್ಯಬೇಕು. ಚಾಕು ಜಾರಿದರೂ ಅದು ಲೋಹಕ್ಕೆ ತಾಗುವುದು. ಅಂಟುಪಟ್ಟಿಯಿಂದ ಕಟ್ಟಿದ್ದಲ್ಲಿ ಅದನ್ನು ಕಿತ್ತೆಳೆಯದೆ, ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಕಾಯಿಸಿ ಮೆಲ್ಲನೆ ಸುಲಿದು, ಉಳಿದ ಅಂಟನ್ನು ಕೊಬ್ಬರಿಎಣ್ಣೆ ಸವರಿದ ಬಟ್ಟೆಯಿಂದ ಒರಸಬಹುದು.

ಕೆಲಸ ಮುಗಿದ ಕೂಡಲೆ ಕೋಲನ್ನೂ ಕಟ್ಟನ್ನೂ ಒಣಬಟ್ಟೆಯಿಂದ ಒರಸಿ ನೆರಳಿನಲ್ಲಿ ಇಡಬೇಕು. ಗೋಡೆಗೆ ಒರಗಿಸಿಟ್ಟ ಕೋಲು ಬಗ್ಗುವುದರಿಂದ ತೂಗುಹಾಕುವುದು ಮೇಲು. ಮಳೆಗಾಲದ ಮೊದಲಲ್ಲಿಯೂ ಬೇಸಿಗೆಯ ಮೊದಲಲ್ಲಿಯೂ ಕಟ್ಟನ್ನು ಪರೀಕ್ಷಿಸಬೇಕು. ಕಟ್ಟಿನ ಕೆಳಗೆ ತೇವ ನಿಂತು ಬಿದಿರು ಕಪ್ಪಾಗಿದ್ದರೆ ಬಿಚ್ಚಿ ಒಣಗಿಸಿ ಮತ್ತೆ ಕಟ್ಟುವುದೇ ಲೇಸು.

ಗ್ರಾಮದ ಹಿರಿಯರ ಗಮನಕ್ಕೆ

ಕೋಲು ಎಷ್ಟೇ ಭದ್ರವಾಗಿದ್ದರೂ ಅದನ್ನು ಎಲ್ಲೆಂದರಲ್ಲಿ ಉಪಯೋಗಿಸುವುದು ಸರಿಯಲ್ಲ. ಕೆರೆಯ ಮೀನನ್ನು ಗುತ್ತಿಗೆಗೆ ಕೊಟ್ಟಿದ್ದರೆ ಗುತ್ತಿಗೆದಾರರ ಒಪ್ಪಿಗೆ ಪಡೆಯಬೇಕು. ಯಲಹಂಕದ ಪುಟ್ಟೇನಹಳ್ಳಿ ಕೆರೆಯಂತೆ ಪಕ್ಷಿಗಳಿಗಾಗಿ ಮೀಸಲಾದ ಕೆರೆಗಳಲ್ಲಿ ಗಾಳ ಹಾಕಕೂಡದು. ನೀರಿಗೆ ವಿಷ ಬೆರೆಸಿಯೂ ಸಿಡಿಮದ್ದು ಹಾಕಿಯೂ ಮೀನು ಹಿಡಿಯುವುದನ್ನು 1897ರ ಮೀನುಗಾರಿಕೆ ಕಾಯಿದೆಯ ಕಾಲದಿಂದಲೂ ಅಪರಾಧವೆಂದು ಪರಿಗಣಿಸಲಾಗಿದೆ; ಅಂತಹ ಕೃತ್ಯವು ಮರಿಮೀನುಗಳನ್ನೂ ಬಿಡದೆ ಕೊಲ್ಲುವುದು. ಮೊಟ್ಟೆಯಿಡುವ ಮಳೆಗಾಲದ ದಿನಗಳಲ್ಲಿ ಹೊಟ್ಟೆ ತುಂಬಿದ ಮೀನು ಸಿಕ್ಕಿದರೆ ಬಿಟ್ಟುಬಿಡುವುದು ಊರಿಗೇ ಲಾಭ. ಕಡಿದುಹೋದ ದಾರವನ್ನು ದಡದಲ್ಲಿ ಬಿಟ್ಟರೆ ಹಕ್ಕಿಗಳ ಕಾಲಿಗೂ ದನಗಳ ಗೊರಸಿಗೂ ಸುತ್ತಿಕೊಳ್ಳುವುದರಿಂದ ಅದನ್ನು ಆರಿಸಿ ತರಬೇಕು. ಹೊಂಡದಲ್ಲಿ ಮೀನು ಬೆಳೆಸುವ ವಿಷಯದಲ್ಲಿ ಸಲಹೆ ಬೇಕಾದವರು ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಅಧಿಕಾರಿಗಳನ್ನು ವಿಚಾರಿಸಬಹುದು.

ಸಾರಾಂಶ

1. ಒಣಗಿದ, ಬಲಿತ ಬಿದಿರನ್ನೇ ಆರಿಸತಕ್ಕದ್ದು. ಗಿಣ್ಣಿನ ಮೇಲೆ ರೀಲನ್ನು ಕೂರಿಸಕೂಡದು.

2. ಕೋಲಿಗೆ ತೂತು, ಮೊಳೆ, ತಂತಿ, ಕಬ್ಬಿಣದ ಕ್ಲಿಪ್ಪು ಇವು ಯಾವುವೂ ಸಲ್ಲವು.

3. ಪಾದದ ಅಂಚನ್ನು ನುಣುಪುಮಾಡಿ, ಕೆಳಗೆ ಮೆತ್ತೆಯನ್ನಿಡತಕ್ಕದ್ದು.

4. ಮೇಣ ಸವರಿದ ಹತ್ತಿಯ ದಾರದಿಂದ ಒತ್ತಾಗಿಯೂ ಸಮವಾಗಿಯೂ ಸುತ್ತಿ, ಗಂಟಿಲ್ಲದೆ ಮುಗಿಸತಕ್ಕದ್ದು.

5. ಉಪಯೋಗಿಸುವ ಮೊದಲು ಪರೀಕ್ಷಿಸಿ, ತಡೆಯನ್ನು ಹದಕ್ಕೆ ತಂದುಕೊಳ್ಳತಕ್ಕದ್ದು.

6. ಬಿಚ್ಚುವಾಗ ಪಾದದ ಮೇಲೆಯೇ ದಾರವನ್ನು ಕೊಯ್ಯತಕ್ಕದ್ದು.

ಮೇಲೆ ಹೇಳಿದ ಕೆಲಸಕ್ಕೆ ಬೇಕಾದುದು ಒಂದಿಷ್ಟು ದಾರ, ಮೇಣ, ಮೆತ್ತೆ ಮತ್ತು ಒಂದು ಸಂಜೆಯ ವಿರಾಮ. ಕೂರಿಗೆಯನ್ನು ಕಟ್ಟಬಲ್ಲ ಕೈಗೆ ಇದು ಕಷ್ಟವಲ್ಲ. ಜಮೀನುದಾರರು ತಮ್ಮ ಮನೆಯ ಹುಡುಗರಿಗೂ ಆಳುಗಳಿಗೂ ಈ ಕ್ರಮವನ್ನು ಒಮ್ಮೆ ಮಾಡಿ ತೋರಿಸಿದರೆ ಕೋಲೂ ರೀಲೂ ಬಹುಕಾಲ ಬಾಳುವುವು. ಗಾಳ ನುಂಗಿ ವ್ಯರ್ಥವಾಗಿ ಸಾಯುವ ಮೀನುಗಳ ಸಂಖ್ಯೆಯೂ ಕಡಿಮೆಯಾಗುವುದು.